ಗಾರ್ಸಿಯಾ ಲೋಪೆಝ್: ಎರಡು ಸರ್‌ನೇಮ್ ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಬುಕಿಂಗ್ ಮಾಡುತ್ತೇನೆ. ಸ್ಪೇನ್‌ನ ಒಂದು ಕುಟುಂಬ ಬಂದಿದೆ. ಪಾಸ್‌ಪೋರ್ಟಿನಲ್ಲಿ ಗಂಡ ಗಾರ್ಸಿಯಾ ಲೋಪೆಝ್, ಹೆಂಡತಿ ರುಯಿಝ್ ಗಾರ್ಸಿಯಾ, ಮಗ ಗಾರ್ಸಿಯಾ ರುಯಿಝ್. ಸೋದರಿಕೆಯಲ್ಲಿ ಮದುವೆ ಆಗಿದ್ದಾರಾ? ಕೊನೆಯ ಹೆಸರು ಮಾತ್ರ ಹಾಕಿದರೆ ಸಾಕಾ?

ಉತ್ತರ (ಸ್ಪ್ಯಾನಿಷ್ ಶಿಕ್ಷಕಿ): ಸಾಲದು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಎರಡನ್ನೂ ಹಾಕಿ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಸರ್‌ನೇಮ್. ರೂಢಿಯಲ್ಲಿ ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಈಗ ತಂದೆತಾಯಿ ಒಪ್ಪಿದರೆ ಹಿಂದುಮುಂದು ಮಾಡಬಹುದು. ಮದುವೆಯಾದ ಮೇಲೂ ಹೆಂಗಸರ ಹೆಸರು ಬದಲಾಗುವುದಿಲ್ಲ. ನೀವು ಹೇಳಿದ ಹುಡುಗನಿಗೆ ಅಪ್ಪನಿಂದ ಗಾರ್ಸಿಯಾ ಬಂದಿದೆ, ಅಮ್ಮನಿಂದ ರುಯಿಝ್.

ಗಾರ್ಸಿಯಾ ಅಂದ ಮಾತ್ರಕ್ಕೆ ನೆಂಟರು ಅಂತಲ್ಲ. ಸ್ಪೇನ್‌ನಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ ಇರುವ ಸರ್‌ನೇಮ್. ಮೊದಲ ಸರ್‌ನೇಮ್ ಆಗಿಯೇ 14 ಲಕ್ಷಕ್ಕೂ ಹೆಚ್ಚು ಜನರಿಗಿದೆ. ಅಮೆರಿಕದ 2010ರ ಜನಗಣತಿಯಲ್ಲೂ ಆರನೇ ಸ್ಥಾನ. ಇಷ್ಟು ಜನರ ನಡುವೆ ಗುರುತು ಸಿಗಬೇಕಲ್ವಾ? ಅಲ್ಲೇ ಅಮ್ಮನ ಹೆಸರು ನೆರವಿಗೆ ಬರುತ್ತದೆ. ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಎಲ್ಲರ ಬಾಯಲ್ಲೂ ಲೋರ್ಕಾ. ಅದು ಅವರ ತಾಯಿಯ ಕಡೆಯ ಹೆಸರು. ಪಿಕಾಸೊ ಅನ್ನುವುದೂ ಹಾಗೇ, ಅಪ್ಪನ ಕಡೆಯಿಂದ ಅವರು ರುಯಿಝ್. ಈ ಪದ್ಧತಿ ನನಗೆ ತುಂಬಾ ಇಷ್ಟ. ಅಮ್ಮನ ಮನೆತನ ಕಾಗದದ ಮೇಲೆ ಉಳಿಯುತ್ತದೆ.

ಅಂದ ಹಾಗೆ, ಮ್ಯಾಡ್ರಿಡ್‌ನವರು ಇದನ್ನು ‘ಗಾರ್ಥಿಯಾ’ ಅನ್ನುತ್ತಾರೆ. ಮೆಕ್ಸಿಕೊದಲ್ಲಿ ‘ಗಾರ್ಸಿಯಾ’.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾವು ಮಂಗಳೂರಿನ ಫೆರ್ನಾಂಡಿಸ್. ನಮ್ಮದೂ ಸ್ಪ್ಯಾನಿಷ್ ಹೆಸರಾ?

ಉತ್ತರ: ನಿಮ್ಮದು ಪೋರ್ಚುಗೀಸ್, ಗೋವಾ ಕಡೆಯಿಂದ ಬಂದದ್ದು. ಸ್ಪ್ಯಾನಿಷ್‌ನಲ್ಲಿ ಫೆರ್ನಾಂದೆಝ್. ಎರಡರ ಅರ್ಥವೂ ಫೆರ್ನಾಂಡೊನ ಮಗ. ರೊದ್ರಿಗೊನ ಮಗ ರೊದ್ರಿಗೆಝ್, ಲೋಪೆಯ ಮಗ ಲೋಪೆಝ್. ಗಾರ್ಸಿಯಾಕ್ಕೆ ‘ಮಗ’ ಅನ್ನುವ ಆ ‘ಎಝ್’ ಬಾಲ ಇಲ್ಲ. ಅದು ಮೊದಲು ಜನರಿಗೆ ಇಡುತ್ತಿದ್ದ ಹೆಸರು. ಉತ್ತರ ಸ್ಪೇನ್‌ನ ಪಾಂಪ್ಲೋನಾದ ಹಳೆಯ ರಾಜರಲ್ಲಿ ಹಲವರು ಗಾರ್ಸಿಯಾ. ಗೋವಾದಲ್ಲೇ ಗಾರ್ಸಿಯಾ ದ ಓರ್ತಾ ಅನ್ನುವ ಪೋರ್ಚುಗೀಸ್ ವೈದ್ಯರಿದ್ದರು. ನಮ್ಮ ಕಡೆಯ ಔಷಧಿ ಗಿಡಗಳ ಬಗ್ಗೆ ಅವರು ಬರೆದ ಪುಸ್ತಕ 1563ರಲ್ಲಿ ಅಲ್ಲೇ ಅಚ್ಚಾಯಿತು. ಅಲ್ಲಿ ಗಾರ್ಸಿಯಾ ಅವರ ಸ್ವಂತ ಹೆಸರು.

ಬುಕಿಂಗ್ ಮಾಡುವವರು ಇನ್ನೊಂದು ಗಮನಿಸಿ. ಪೋರ್ಚುಗೀಸರಲ್ಲಿ ಸಾಮಾನ್ಯವಾಗಿ ಅಮ್ಮನ ಹೆಸರು ಮೊದಲು, ಅಪ್ಪನದು ಕೊನೆಗೆ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಹುಡುಗನ ಟಿಕೆಟ್‌ನಲ್ಲಿ ಬರೀ ರುಯಿಝ್ ಅಂತ ಹಾಕಿಬಿಟ್ಟಿದ್ದೆ. ಈಗಲೇ ತಿದ್ದಿಸುತ್ತೇನೆ.