ಮೊಮ್ಮಗಳು ಸತ್ತಾಗ ಬರೆದ ಪದ್ಯ: ಇದು ಶರಣಾಗತಿಯಾ, ದೇವರ ಮೇಲಿನ ಸಿಟ್ಟಾ?

ತುಂಗೆದಂಡೆ:
ಶಿವಮೊಗ್ಗದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಆನ್ ಬ್ರಾಡ್‌ಸ್ಟ್ರೀಟ್ ಪದ್ಯವೊಂದು ಪಾಠಕ್ಕಿದೆ. ಆಕೆ 1630ರಲ್ಲಿ ಇಂಗ್ಲೆಂಡ್ ಬಿಟ್ಟು ಮ್ಯಾಸಚೂಸೆಟ್ಸ್‌ಗೆ ಹೋದ ಪ್ಯೂರಿಟನ್ ಕ್ರೈಸ್ತರಲ್ಲಿ ಒಬ್ಬಳು. 1665ರ ಆಗಸ್ಟ್‌ನಲ್ಲಿ ಒಂದೂವರೆ ವರ್ಷದ ಮೊಮ್ಮಗಳು ಎಲಿಜಬೆತ್ ತೀರಿಕೊಂಡಾಗ ಬರೆದದ್ದು. ಮಗು ಸ್ವಲ್ಪ ದಿನಕ್ಕೆ ಕಡ ಕೊಟ್ಟಿದ್ದ ಹೂವು, ಈಗ ಶಾಶ್ವತ ನೆಲೆ ಸೇರಿದೆ, ಮತ್ತೆ ಯಾಕೆ ಅಳಲಿ ಅನ್ನುತ್ತಾಳೆ. ಆಮೇಲೆ ಮರಗಳ ಮಾತು ಬರುತ್ತದೆ. ಹಣ್ಣಾದ ಸೇಬು ಬೀಳುವುದು, ಬಲಿತ ಹುಲ್ಲು ಕೊಯ್ಯುವುದು ಪ್ರಕೃತಿ, ಈಗಷ್ಟೇ ನೆಟ್ಟ ಗಿಡ ಕಿತ್ತುಹೋಗುವುದು ಮಾತ್ರ 'ಅವನ' ಕೈಯಿಂದಲೇ. ಕ್ಲಾಸಿನಲ್ಲಿ ಇದನ್ನು ಶರಣಾಗತಿ ಅಂದರು. ನನಗೆ ಹಾಗೆ ಓದಲು ಆಗುತ್ತಿಲ್ಲ. ಹೋದ ವರ್ಷ ನಮ್ಮ ಅಕ್ಕನ ಮಗು ಹೋಯಿತು, ಹನ್ನೊಂದು ತಿಂಗಳು. ಬಂದವರೆಲ್ಲ "ಋಣ ಅಷ್ಟೇ ಇತ್ತು" ಅಂದರು. ಅಕ್ಕ ತಲೆ ಆಡಿಸಿದಳು. ಒಪ್ಪಿಕೊಂಡಳು ಅಂತ ನನಗೆ ಅನಿಸಲೇ ಇಲ್ಲ.

ತೋಟದಮನೆ:
ನಾನು ಸಾಹಿತ್ಯ ಓದಿದವನಲ್ಲ, ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಆ ಮರದ ಮಾತು ಓದಿ ಸುಮ್ನೆ ಕೂತುಬಿಟ್ಟೆ. ಹಣ್ಣಡಿಕೆ ಉದುರಿದರೆ ಯಾರಿಗೂ ಬೇಜಾರಿಲ್ಲ, ಹೆಕ್ಕಿಕೊಂಡು ಬರುತ್ತೇವೆ. ಮಳೆಗಾಲದಲ್ಲಿ ಕೊಳೆರೋಗ ಬಂದು ಎಳೆಕಾಯಿ ಬುಡದ ತುಂಬ ಉದುರಿಕೊಂಡಾಗ ಆಗುವ ಸಂಕಟವೇ ಬೇರೆ. ಆದರೂ ಕೊಳೆಗೆ ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಯುತ್ತೇವೆ, ಹೊತ್ತಿಗೆ ಸರಿಯಾಗಿ ಹೊಡೆಯಲಿಲ್ಲ ಅಂತ ನಮ್ಮನ್ನು ನಾವೇ ಬೈದುಕೊಳ್ಳಬಹುದು. ಆ ಅಜ್ಜಿಗೆ ಅದೂ ಇಲ್ಲ. ಬೈದಿಲ್ಲ ನಿಜ, ಆದರೆ ಕೈ ಯಾರದು ಅಂತ ಹೇಳಿಬಿಟ್ಟಳು ಅಲ್ವಾ?

ನಿವೃತ್ತ ಮೇಷ್ಟ್ರು:
ಸ್ವಲ್ಪ ತಡೆಯಿರಿ. ಪ್ಯೂರಿಟನ್ನರಿಗೆ ದೇವರ ಕೈ ಅನ್ನುವುದೇ ಸಮಾಧಾನ. ಮಗು ಸುಮ್ಮನೆ ಸಾಯಲಿಲ್ಲ, ಯಾರೋ ಅರಿತೇ ಕರೆದುಕೊಂಡರು ಅನ್ನುವ ಧೈರ್ಯ. ಜೊತೆಗೆ ಒಂದು ಭಯವೂ ಇತ್ತು. ದೇವರಿಗಿಂತ ಜಾಸ್ತಿ ಮಗುವನ್ನು ಹಚ್ಚಿಕೊಳ್ಳುವುದು ಅವರಲ್ಲಿ ತಪ್ಪು. ಪದ್ಯದ ಮೊದಲ ಸಾಲಿನಲ್ಲೇ ಮಗುವಿನಿಂದ ತನಗೆ ಸಿಕ್ಕ ಸುಖ ಅತಿಯಾಯಿತು ಅನ್ನುತ್ತಾಳೆ, ಅದು ತಪ್ಪೊಪ್ಪಿಗೆಯೂ ಹೌದು. ಆದರೆ ತುಂಗೆದಂಡೆಯವರ ಅನುಮಾನಕ್ಕೂ ಜಾಗ ಇದೆ. 1669ರ ಜೂನ್‌ನಲ್ಲಿ ಇನ್ನೊಬ್ಬ ಮೊಮ್ಮಗಳು, ನವೆಂಬರ್‌ನಲ್ಲಿ ಒಂದು ತಿಂಗಳ ಮೊಮ್ಮಗ ಸೈಮನ್ ಹೋದರು. ಸೈಮನ್ ಮೇಲಿನ ಪದ್ಯದಲ್ಲಿ ದೇವರು ಕರುಣಾಳುವೂ ಹೌದು, ನ್ಯಾಯವಂತನೂ ಹೌದು ಅಂತ 'ಹೇಳೋಣ' ಅನ್ನುತ್ತಾಳೆ. ಹೌದು ಅನ್ನುವುದಿಲ್ಲ, ಹೇಳೋಣ ಅನ್ನುತ್ತಾಳೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಆ ಒಂದು ಮಾತನ್ನು ದಾಟಿ ಮುಂದೆ ಹೋಗುವುದು ನನಗೆ ಯಾವತ್ತೂ ಸುಲಭ ಆಗಿಲ್ಲ.

ಹೊಸನಗರದ ಅಮ್ಮ:
ನಾನೂ ಮಗು ಕಳೆದುಕೊಂಡವಳು. ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಆ ವರ್ಷದ ಮಳೆ ಪೂರ್ತಿ ನನಗೆ ಅದೇ ಯೋಚನೆ, ಅವನಿಗೆ ಚಳಿ ಆಗುತ್ತದಲ್ಲ ಅಂತ. ನನಗೂ ಋಣ ತೀರಿತು ಅಂದರು. ಯಾರ ಸಾಲ, ಯಾರಿಗೆ ತೀರಿತು ಅಂತ ಯಾರೂ ಹೇಳಲಿಲ್ಲ. ಆ ಪದ್ಯದಲ್ಲಿ ಕಡ ಕೊಟ್ಟವನು ಯಾರು ಅಂತ ಗೊತ್ತಿದೆ, ಹೋಗಿ ಕೇಳಬಹುದು. ಎಂಟು ತಿಂಗಳು ನಾನು ದೇವರ ದೀಪ ಹಚ್ಚಲಿಲ್ಲ. ಅತ್ತೆ ಒಂದು ಮಾತೂ ಆಡದೆ ತಾವೇ ಹಚ್ಚಿದರು. ಒಂದು ಸಂಜೆ ಮತ್ತೆ ಹಚ್ಚಿದೆ. ನೋವು ಕಮ್ಮಿ ಆಗಿತ್ತು ಅಂತ ಅಲ್ಲ, ಕೇಳಬೇಕಾದ್ದು ಇತ್ತು, ಕೇಳಲು ಬೇರೆ ಯಾರೂ ಇರಲಿಲ್ಲ. ಒಪ್ಪಿದೆನಾ, ಸಿಟ್ಟಾದೆನಾ ಅಂದರೆ ಎರಡೂ ಅನ್ನುತ್ತೇನೆ. ತಂಗೀ, ಅಕ್ಕನ ಹತ್ತಿರ ಮಗುವಿನ ಹೆಸರು ಹಿಡಿದು ಮಾತಾಡಮ್ಮ. ನಮ್ಮ ಮನೆಯಲ್ಲಿ ಯಾರೂ ಹೆಸರು ಎತ್ತುತ್ತಿರಲಿಲ್ಲ.

ತುಂಗೆದಂಡೆ:
ಅಮ್ಮ, ಭಾನುವಾರ ಸಾಗರಕ್ಕೆ ಅಕ್ಕನ ಮನೆಗೆ ಹೋಗುತ್ತೇನೆ. ಬ್ರಾಡ್‌ಸ್ಟ್ರೀಟ್ ಪದ್ಯದ ತಲೆಬರಹದಲ್ಲೇ ಮಗುವಿನ ಹೆಸರು, ವಯಸ್ಸು ಎರಡೂ ಇವೆ, ನಾನು ಗಮನಿಸಿರಲಿಲ್ಲ. ಮರದ ಸಾಲುಗಳನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ, ಸೇಬಿನ ಜಾಗಕ್ಕೆ ಹಣ್ಣಡಿಕೆ ಹಾಕಿದೆ. ತೋಟದಮನೆಯವರೇ, ಈಗಷ್ಟೇ ನೆಟ್ಟ ಅಡಿಕೆ ಸಸಿಗೆ ನಿಮ್ಮ ಕಡೆ ಬೇರೆ ಹೆಸರು ಇದೆಯಾ?