ದೇವಿಮನೆ ಘಟ್ಟದಲ್ಲಿ ಉಸಿರು ಕಟ್ಟುವ ಹಳೇ ಗಾಡಿ: ಅನುಭವ ಇದ್ದವರು ಹೇಳಿ

ಕೇಳಿದವರು, ಶಿರಸಿ ಹತ್ತಿರದ ಹಳ್ಳಿಯಿಂದ

ನಮ್ಮ ಮನೆಯಲ್ಲಿ 2011ರ ಏಳು ಸೀಟಿನ ಡೀಸೆಲ್ ಗಾಡಿ ಇದೆ. ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಎಂಜಿನ್, 2,10,000 ಕಿ.ಮೀ. ಓಡಿದೆ. ಕಂಪನಿ ಹೆಸರು ಬೇಡ, ಹೇಳಿದರೆ ಮಾತು ಅಲ್ಲಿಗೇ ಹೋಗುತ್ತದೆ.

ಕುಮಟಾದಿಂದ ಲೋಡು ಹಾಕಿಕೊಂಡು ವಾಪಸ್ ಬರುವಾಗ ದೇವಿಮನೆ ಘಟ್ಟ ಅರ್ಧ ಏರಿದ ಮೇಲೆ ಪಿಕಪ್ ಸತ್ತೇ ಹೋಗುತ್ತದೆ. ಮೂರನೇ ಗೇರಿನಲ್ಲಿ ಆರಾಮಾಗಿ ಏರುತ್ತಿದ್ದ ಗಾಡಿ ಎರಡರಲ್ಲೂ ತೆವಳುತ್ತದೆ. ಹಿಂದೆ ಕಪ್ಪು ಹೊಗೆ. ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟುತ್ತದೆ. ಬದಿಗೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಏರುತ್ತದೆ. ಶಿರಸಿ ಪೇಟೆಯಲ್ಲಿ, ಹುಬ್ಬಳ್ಳಿ ರಸ್ತೆಯಲ್ಲಿ ಒಂದು ದಿನವೂ ತಕರಾರಿಲ್ಲ.

ಇನ್ನೂ ಎರಡು ಇವೆ. ಎಂಜಿನ್ ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ಕೆನೆ ಕಟ್ಟಿದೆ. ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಅಡಿಯಲ್ಲಿ 'ಟಕ್' ಅನ್ನುತ್ತದೆ.

ಮೂರು ಗ್ಯಾರೇಜಿನಲ್ಲಿ ಮೂರು ಮಾತು. ಒಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲು) ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ಇನ್ನೊಬ್ಬರು ಟರ್ಬೊ ಅಂದರು. ಮೂರನೆಯವರು ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಬದಲಿಸಿ ಅಂದರು. ಈವರೆಗೆ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಬ್ಯಾಟರಿ ಬದಲಿಸಿದ್ದೇನೆ. ಬ್ಯಾಟರಿ ಯಾಕೆ ಬದಲಿಸಿದೆನೋ ನನಗೇ ಗೊತ್ತಿಲ್ಲ. ಅಪ್ಪಯ್ಯ ಮಾರಿಬಿಡು ಅನ್ನುತ್ತಿದ್ದಾರೆ. ಅಡಿಕೆ ಕೊಯ್ಲು ಶುರುವಾಗುವ ಮೊದಲು ಇದೊಂದು ಬಗೆಹರಿಯಬೇಕು.

ಕುಮಟಾದಿಂದ, ಬಾಡಿಗೆ ಗಾಡಿ ಓಡಿಸುವವರು

ನಾನು ಆ ಘಟ್ಟವನ್ನು ವಾರಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತೇನೆ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ಮಾರಾಯ್ರೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ ಅಂದಿರಿ. ಪ್ರಶ್ನೆ ಇಷ್ಟೇ: ಆ ಹತ್ತು ನಿಮಿಷ ಬೇಕೇ ಬೇಕಾ?

ಮುಂದಿನ ಸಲ ಹೀಗೆ ಮಾಡಿ. ಪಿಕಪ್ ಹೋದ ಕೂಡಲೇ ಅಗಲ ಇದ್ದ ಕಡೆ ಬದಿಗೆ ತೆಗೆದುಕೊಳ್ಳಿ. ಮುಳ್ಳು ಕೆಂಪು ಮುಟ್ಟಿರದಿದ್ದರೆ ಮಾತ್ರ ಈ ಪರೀಕ್ಷೆ. ಒಂದು ನಿಮಿಷ ನಿಂತಲ್ಲೇ ಎಂಜಿನ್ ಸ್ಲೋ ಬಿಡಿ, ಬಿಸಿ ಟರ್ಬೊಗೆ ಅಷ್ಟು ಮರ್ಯಾದೆ ಕೊಡಬೇಕು. ಆಮೇಲೆ ಕೀ ಆಫ್ ಮಾಡಿ, ಮೂವತ್ತು ಎಣಿಸಿ, ಮತ್ತೆ ಸ್ಟಾರ್ಟ್ ಮಾಡಿ. ಕೂಡಲೇ ಪಿಕಪ್ ವಾಪಸ್ ಬಂದರೆ ಅದು ಎಂಜಿನ್ನಿನ ಕಂಪ್ಯೂಟರ್ ಮಾಡುವ ಕೆಲಸ. ಟರ್ಬೊದ ಗಾಳಿ ತಾನು ಕೇಳಿದಷ್ಟು ಬರುತ್ತಿಲ್ಲ, ಇಲ್ಲವೇ ಜಾಸ್ತಿ ಬರುತ್ತಿದೆ ಅಂತ ಅದಕ್ಕೆ ಅನ್ನಿಸಿದರೆ ಎಂಜಿನ್ ಉಳಿಸಲು ಪವರ್ ಕಡಿಮೆ ಮಾಡುತ್ತದೆ. ತುಂಬಾ ಗಾಡಿಗಳಲ್ಲಿ ಕೀ ಆಫ್ ಮಾಡಿ ಆನ್ ಮಾಡಿದರೆ ಅದು ಮರೆತುಬಿಡುತ್ತದೆ. ಮೂವತ್ತು ಎಣಿಸಿದರೂ ಬರಲಿಲ್ಲ, ಹತ್ತು ನಿಮಿಷವೇ ಬೇಕು ಅಂದರೆ ದಾರಿ ಬೇರೆ. ಆಗ ಡೀಸೆಲ್ ಸಾಲದೇ ಇರಬಹುದು, ಬಿಸಿಯಾದಾಗ ಮಾತ್ರ ಕೈಕೊಡುವ ಸೆನ್ಸರ್ ಇರಬಹುದು.

ಕಪ್ಪು ಹೊಗೆ ಅಂದರೆ ಡೀಸೆಲ್ ಇದೆ, ಗಾಳಿ ಸಾಲದು. ಅದಕ್ಕೇ ಡೀಸೆಲ್ ಫಿಲ್ಟರ್ ಬದಲಿಸಿದರೂ ನಿಮಗೆ ಉಪಯೋಗ ಆಗಿಲ್ಲ. ಡೀಸೆಲ್ಲೇ ಕಡಿಮೆ ಬಿದ್ದರೆ ಗಾಡಿ ಎಳೆಯುವುದಿಲ್ಲ ನಿಜ, ಆದರೆ ಹೊಗೆ ಕಪ್ಪಾಗುವುದಿಲ್ಲ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ ಅಂತ. ಬಿಳಿ ಹೊಗೆ ಬಂದು ಸಿಹಿ ವಾಸನೆ ಹೊಡೆದರೆ ಕೂಲಂಟ್ (ಎಂಜಿನ್ ತಣಿಸುವ ನೀರು), ಕಣ್ಣು ಉರಿಸುವ ಘಾಟು ಇದ್ದರೆ ಉರಿಯದ ಡೀಸೆಲ್.

ನನ್ನ ಗಾಡಿಗೂ ಇದೇ ಆಗಿತ್ತು. ಟರ್ಬೊದಿಂದ, ಅದರ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಹೋಸ್ ಇರುತ್ತದೆ. ಅದು ಅಡಿಭಾಗದಲ್ಲಿ ಸೀಳಿತ್ತು. ಗ್ಯಾರೇಜಿನಲ್ಲಿ ನಿಂತಾಗ ಸೀಳು ಮುಚ್ಚಿಕೊಂಡಿರುತ್ತದೆ, ಯಾರಿಗೂ ಕಾಣುವುದಿಲ್ಲ. ಲೋಡು ಹಾಕಿ ಏರು ಹತ್ತಿಸಿದಾಗ ಒಳಗಿನ ಒತ್ತಡಕ್ಕೆ ಬಾಯಿ ಬಿಡುತ್ತದೆ. ಹುಬ್ಬಳ್ಳಿ ರಸ್ತೆಯ ಸಮತಟ್ಟಿನಲ್ಲಿ ಅಷ್ಟು ಒತ್ತಡವೇ ಬೇಕಾಗುವುದಿಲ್ಲ. ನಿಮ್ಮ ಕಥೆ ಇದಕ್ಕೆ ಸರಿಯಾಗಿ ಕೂಡುತ್ತದೆ. ಎಂಜಿನ್ ತಣ್ಣಗಿದ್ದಾಗ ಹೋಸಿನ ಕೆಳಗೆ ಕೈ ಹಾಕಿ ಸವರಿ. ಕ್ಲಾಂಪಿನ ಹತ್ತಿರ ಆಯಿಲ್ ಜಿಡ್ಡು, ಅದಕ್ಕೆ ಕೆಂಪು ಮಣ್ಣು ಮೆತ್ತಿಕೊಂಡಿದ್ದರೆ ಅಲ್ಲೇ ಹುಡುಕಿ.

ಇನ್ನೊಂದು ವಿಷಯ. ಒಂದು ವಹಿ ಇಡಿ. ಯಾವ ತಿರುವಿನಲ್ಲಿ ಆಯಿತು, ಯಾವ ಗೇರು, ಎಷ್ಟು ಜನ ಇದ್ದರು, ಎಸಿ ಹಾಕಿತ್ತಾ, ಮಳೆಯಾ ಬಿಸಿಲಾ, ಎಲ್ಲ ಬರೆಯಿರಿ. ಗ್ಯಾರೇಜಿಗೆ ಹೋಗಿ 'ಪಿಕಪ್ ಇಲ್ಲ' ಅಂದರೆ ಅವರಿಗೆ ಊಹೆ ಬಿಟ್ಟು ಬೇರೆ ದಾರಿಯಿಲ್ಲ. ಊಹೆಗೆ ದುಡ್ಡು ಕೊಡುವವರು ನೀವು.

ಕಾರವಾರದಿಂದ, ಶಿಕ್ಷಕಿ

ಕುಮಟಾದವರ ಮಾತು ಸರಿ, ಆದರೆ ನಾನು ಸ್ಕ್ಯಾನರಿನಿಂದ ಶುರು ಮಾಡುತ್ತೇನೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆಯಾ ನೋಡಿ. ಇದ್ದರೆ ಫೋನಿಗೆ ಜೋಡಿಸುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಾಕು. 2011ರ ಎಲ್ಲಾ ಗಾಡಿಯ ಜೊತೆಯೂ ಅದು ಮಾತಾಡುವುದಿಲ್ಲ, ಆಗ ಗ್ಯಾರೇಜಿನ ದೊಡ್ಡ ಸ್ಕ್ಯಾನರೇ ಗತಿ. ಅದರಲ್ಲಿ ತಪ್ಪು ತೋರಿಸುವ ಕೋಡ್ ಪಿ0299 ಅಂತ ಬಂದರೆ ಟರ್ಬೊ ಗಾಳಿಯ ಒತ್ತಡ ಕಡಿಮೆ. ಪಿ0087 ಬಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ ಒತ್ತಡ ಕಡಿಮೆ. ಈ ಎರಡರಲ್ಲಿ ಯಾವುದು ಅಂತ ಗೊತ್ತಾದರೂ ನಿಮ್ಮ ಮೂರು ಗ್ಯಾರೇಜುಗಳಲ್ಲಿ ಒಂದಾದರೂ ಕಡಿಮೆಯಾಗುತ್ತದೆ.

ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ನಮ್ಮ ಗಾಡಿಯಲ್ಲಿ ಪಿ0299 ಬಂತು. ಗ್ಯಾರೇಜಿನವರು ಕೋಡ್ ಓದಿ ಟರ್ಬೊ ಹೋಗಿದೆ ಅಂದರು. 42 ಸಾವಿರ ಕೊಟ್ಟು ಹೊಸದು ಹಾಕಿಸಿದೆವು. ಎಂಟು ದಿನಕ್ಕೆ ಅದೇ ಕೋಡ್ ಮತ್ತೆ ಹಾಜರು. ಕೊನೆಗೆ ಸಿಕ್ಕಿದ್ದು ಬಳಪದಷ್ಟು ದಪ್ಪದ ಒಂದು ವ್ಯಾಕ್ಯೂಮ್ ಪೈಪು. ಟರ್ಬೊವನ್ನು ಹಿಡಿತದಲ್ಲಿಡುವ ಭಾಗಕ್ಕೆ ಹೋಗುವ ಪೈಪು ಅದು, ಒಣಗಿ ಬಿರುಕು ಬಿಟ್ಟಿತ್ತು. ಕೋಡ್ ಹೇಳುವುದು ಒತ್ತಡ ಕಡಿಮೆ ಅಂತ ಮಾತ್ರ. ಯಾಕೆ ಕಡಿಮೆ ಅಂತ ಹೇಳುವುದಿಲ್ಲ. ಮಕ್ಕಳು ಉತ್ತರ ಮಾತ್ರ ಬರೆದರೆ ನಾವು ಲೆಕ್ಕ ಮಾಡಿದ್ದು ತೋರಿಸು ಅನ್ನುವುದಿಲ್ಲವಾ? ಗ್ಯಾರೇಜಿನಲ್ಲೂ ಹಾಗೇ ಕೇಳಬೇಕಿತ್ತು.

ಬ್ಯಾಟರಿ ಬದಲಿಸಿದ್ದೀರಿ ಅಂದಿರಿ. ಸ್ಟಾರ್ಟ್ ಆಗದೆ ಬದಲಿಸಿದ್ದಾದರೆ ಅರ್ಥಿಂಗ್ ವೈರ್ ನೋಡಿಸಿ. ಸಮುದ್ರದ ಕಡೆಯಿರುವ ನಮ್ಮ ಗಾಡಿಗಳಲ್ಲಿ ಉಪ್ಪು ಗಾಳಿಗೆ ಅದರ ತುದಿ ಹಸಿರು ಹಿಡಿದು ಹೋಗುತ್ತದೆ. ಎಂಜಿನ್ ಆಫ್ ಇದ್ದಾಗ ಒಳ್ಳೆ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಇಷ್ಟು ಇದ್ದೂ ಸೆಲ್ಫ್ ಕಟಕಟ ಅಂದರೆ ಬ್ಯಾಟರಿಯದೇ ತಪ್ಪು ಅನ್ನಲಾಗದು.

ಯಲ್ಲಾಪುರದಿಂದ

ಇಲಿ ನೋಡಿ ಮೊದಲು. ನಮ್ಮದರ ಏರ್ ಫಿಲ್ಟರ್ ಡಬ್ಬದೊಳಗೆ ಅಡಿಕೆ ಸಿಪ್ಪೆಯ ಹಾಸಿಗೆ ಮಾಡಿ ಮರಿ ಹಾಕಿತ್ತು. ಅರಬೈಲು ಘಟ್ಟದಲ್ಲಿ ನಿಮ್ಮ ಹಾಗೇ ಹೊಗೆ.

ಅಂಕೋಲಾದಿಂದ, ಮೆಕ್ಯಾನಿಕ್

ಪಿಕಪ್ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಬಿಸಿ ಮತ್ತು ಕೆನೆ ಬಗ್ಗೆ ಹೇಳುತ್ತೇನೆ. ಯಾಕೆಂದರೆ ಅದನ್ನು ನೋಡಿ ಹೆಡ್ ಬಿಚ್ಚಿಸಿಕೊಂಡವರು ತುಂಬಾ ಜನ.

ಮುಚ್ಚಳದ ಒಳಗಿನ ಕೆನೆ ಒಂದೇ ಇದ್ದರೆ ಹೆದರಬೇಡಿ. ಮಳೆಗಾಲದಲ್ಲಿ ಶಿರಸಿ ಕಡೆ ಗಾಳಿಯಲ್ಲೇ ನೀರು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಐದಾರು ಕಿ.ಮೀ. ಓಡಿಸಿದರೆ ಆಯಿಲ್ ಪೂರ್ತಿ ಬಿಸಿ ಆಗುವುದಿಲ್ಲ. ಒಳಗಿನ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ನೀರಾಗಿ, ಆಯಿಲ್ ಜೊತೆ ಕಡೆದು ಕೆನೆ ಆಗುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿ. ಅದರಲ್ಲೂ ಆಯಿಲ್ ಹಾಲು ಹಾಕಿದ ಚಹಾ ಬಣ್ಣಕ್ಕೆ ಬಂದಿದ್ದರೆ ಗಾಡಿ ಓಡಿಸಲೇಬೇಡಿ. ಆಯಿಲ್ ಕಪ್ಪಗೇ ಇದ್ದರೆ ಮುಚ್ಚಳ ಒರೆಸಿ, ಹುಬ್ಬಳ್ಳಿಗೆ ಒಂದು ಸಲ ಹೋಗಿ ಬಂದು ಮತ್ತೆ ನೋಡಿ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನಬೇಕಾದರೆ ಬೇರೆ ಸಾಕ್ಷಿ ಬೇಕು. ಸೋರಿಕೆ ಎಲ್ಲೂ ಕಾಣದೆ ಕೂಲಂಟ್ ಇಳಿಯುತ್ತಿದೆಯಾ? ಡಬ್ಬಕ್ಕೆ ಪೆನ್ನಿನಿಂದ ಗೆರೆ ಎಳೆದು ವಾರ ನೋಡಿ. ರಾತ್ರಿಯಿಡೀ ನಿಂತ ಗಾಡಿಯ ರೇಡಿಯೇಟರ್ ಹೋಸ್ ಬೆಳಿಗ್ಗೆಯೂ ಗಟ್ಟಿಯಾಗಿ ಉಬ್ಬಿದೆಯಾ? ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಬುರುಬುರು ಗುಳ್ಳೆ ನಿಲ್ಲದೆ ಬರುತ್ತಿದೆಯಾ? ಮೂರಕ್ಕೂ ಇಲ್ಲ ಅಂದರೆ ಹೆಡ್ ಮುಟ್ಟಲು ಬಿಡಬೇಡಿ. ಬಿಸಿ ಇದ್ದಾಗ ಮಾತ್ರ ಆ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದರೆ ಒಂದೇ ಏಟಿಗೆ ಮುಖಕ್ಕೆ. ನನ್ನ ಮೊಣಕೈಯಲ್ಲಿ ಗುರುತು ಇದೆ.

ಏರಿನಲ್ಲಿ ಮಾತ್ರ ಬಿಸಿ ಅಂದರೆ ಬಹುತೇಕ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ. ಸಮತಟ್ಟಿನಲ್ಲಿ ಓಡುವ ವೇಗಕ್ಕೇ ಗಾಳಿ ಸಿಗುತ್ತದೆ. ಘಟ್ಟದಲ್ಲಿ 20-30ರ ವೇಗಕ್ಕೆ ಫ್ಯಾನೇ ಎಲ್ಲಾ ಎಳೆಯಬೇಕು. ಎಸಿ ಜಾಲಿಗೂ ರೇಡಿಯೇಟರ್ ಜಾಲಿಗೂ ನಡುವೆ ಕೆಸರು, ಹುಳ, ಕಸ ಸೇರಿ ಹೊದಿಕೆ ಹೊದ್ದ ಹಾಗಿರುತ್ತದೆ. ಮುಂದಿನಿಂದ ನೀರು ಹೊಡೆದರೆ ಇನ್ನೂ ಒಳಗೆ ಕೂರುತ್ತದೆ. ಎಂಜಿನ್ ಕಡೆಯಿಂದ ಮೆಲ್ಲಗೆ ಹೊಡೆಯಬೇಕು, ಜೋರಾಗಿ ಹೊಡೆದರೆ ಜಾಲಿ ಮಡಚುತ್ತದೆ. ನಿಮ್ಮದು ಬೆಲ್ಟಿನಿಂದ ತಿರುಗುವ ಫ್ಯಾನ್ ಆದರೆ ಅದರ ನಡುವೆ ಎಣ್ಣೆಯಿಂದ ಹಿಡಿತ ಕೊಡುವ ವಿಸ್ಕಸ್ ಕ್ಲಚ್ಚನ್ನೂ ನೋಡಿ. ಎಂಜಿನ್ ಆಫ್ ಮಾಡಿ ಕೀ ಕಿಸೆಯಲ್ಲಿಟ್ಟು ಕೈಯಲ್ಲಿ ತಿರುಗಿಸಿ. ಬಿಗಿ ಇರಬೇಕು. ಗಿರಗಿಟ್ಲೆ ಹಾಗೆ ತಿರುಗಿದರೆ ಒಳಗಿನ ಎಣ್ಣೆ ಹೋಗಿದೆ.

ರಿವರ್ಸಿನ 'ಟಕ್' ಬಹುತೇಕ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಕೀಲು. ಗ್ರೀಸ್ ಕಾಣದೆ ಎಷ್ಟು ದಿನ ಆಯಿತು? ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಶಾಫ್ಟನ್ನು ಆಚೀಚೆ ತಿರುಚಿ ನೋಡಿ.

ಸಿದ್ದಾಪುರದಿಂದ

ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಯುವಾಗ 'ಉಸ್' ಅಂತ ಗಾಳಿ ಒಳಗೆ ಎಳೆದುಕೊಳ್ಳುತ್ತದಾ? ನಮ್ಮ ಜೀಪಿಗೆ ಟ್ಯಾಂಕಿನ ಗಾಳಿ ಪೈಪಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಅರ್ಧ ಗಂಟೆ ಓಡಿದ ಮೇಲೆ ಡೀಸೆಲ್ ಎಳೆಯಲಾಗದೆ ನಿಲ್ಲುತ್ತಿತ್ತು, ಹತ್ತು ನಿಮಿಷ ಬಿಟ್ಟರೆ ಹೋಗುತ್ತಿತ್ತು. ನಿಮ್ಮದಕ್ಕೆ ಕಪ್ಪು ಹೊಗೆ ಇದೆ, ಹಾಗಾಗಿ ಇದಲ್ಲದಿರಬಹುದು. ಆದರೆ ನೋಡಲು ದುಡ್ಡೇನೂ ಬೇಡವಲ್ಲ.

ಹೊನ್ನಾವರದಿಂದ, ಹಿರಿಯರೊಬ್ಬರು

ಎಲ್ಲರೂ ಎಂಜಿನ್ ಎಂಜಿನ್ ಅನ್ನುತ್ತಿದ್ದೀರಿ. ತಮ್ಮಾ, ಮಾರುವುದಾ ಇಡುವುದಾ ಅಂತ ಹೇಳುವುದು ಚಾಸಿ, ಗಾಡಿಯ ಅಡಿಯ ಚೌಕಟ್ಟು. ಅಡಿಗೆ ಹೋಗಿ ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ಬಡಿದು ನೋಡು. ಟಣ್ ಅಂದರೆ ಗಟ್ಟಿ. ದಬ್ ಅಂದರೆ ಒಳಗಿನಿಂದ ತುಕ್ಕು ತಿಂದಿದೆ. ನಾವು ಕರಾವಳಿಯವರು ಒಳ್ಳೆ ಎಂಜಿನ್ ಇದ್ದ ಗಾಡಿಯನ್ನು ಇದೇ ಕಾರಣಕ್ಕೆ ಗುಜರಿಗೆ ಹಾಕಿದ್ದೇವೆ. ಘಟ್ಟದ ಮೇಲಿನ ನಿಮಗೆ ಆ ಕಾಟ ಕಡಿಮೆ. ಬ್ರೇಕ್ ಪೈಪುಗಳ ತುಕ್ಕನ್ನೂ ನೋಡು, ಏರುವಾಗ ನಿಂತರೆ ತೊಂದರೆ ಅಷ್ಟೇ, ಇಳಿಯುವಾಗ ನಿಲ್ಲದಿದ್ದರೆ ಕಷ್ಟ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನೆರೆಯಲ್ಲಿ ಗಾಡಿ ನೀರಿಗೆ ಇಳಿದಿದ್ದರೆ ಹಿಂದಿನ ಚಕ್ರಗಳ ನಡುವಿನ ಗೇರ್ ಡಬ್ಬದ (ಹೌಸಿಂಗ್) ಆಯಿಲನ್ನೂ ಬಿಚ್ಚಿ ನೋಡಿಸು. 2019ರ ನೆರೆ ಆದಮೇಲೆ ನಮ್ಮ ಪೈಕಿ ಒಬ್ಬರ ಗಾಡಿಯಲ್ಲಿ ಅದು ಮಜ್ಜಿಗೆಯಾಗಿತ್ತು.

ಆರ್‌ಸಿ ಹದಿನೈದು ವರ್ಷದ್ದು, 2011 ಅಂದರೆ ನಿನ್ನದರ ಲೆಕ್ಕ 2026ಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದರ ಖರ್ಚನ್ನೂ ಸೇರಿಸಿ ಅಪ್ಪನ ಜೊತೆ ಕೂತು ಮಾತಾಡು.

ಕೇಳಿದವರು, ಹದಿನೆಂಟು ದಿನದ ನಂತರ

ಎಲ್ಲರಿಗೂ ಉಪಕಾರ ಆಯಿತು. ಆದದ್ದು ಹೇಳುತ್ತೇನೆ.

ಬೇಕಂತಲೇ ಆರು ಮೂಟೆ ತೆಂಗಿನಕಾಯಿ ಹಾಕಿಕೊಂಡು ಕುಮಟಾದಿಂದ ಬಂದೆ. ಕತಗಾಲ ದಾಟಿ ಘಟ್ಟ ಹತ್ತಿದ ಮೇಲೆ ಎಂದಿನ ಹಾಗೆ ಪಿಕಪ್ ಹೋಯಿತು. ಒಂದು ನಿಮಿಷ ಸ್ಲೋ, ಆಫ್, ಮೂವತ್ತು ಎಣಿಸಿ ಸ್ಟಾರ್ಟ್. ಏರಿಯೇ ಬಿಟ್ಟಿತು! ಹತ್ತು ನಿಮಿಷ ಬೇಕಾಗೇ ಇರಲಿಲ್ಲ. ಇಷ್ಟು ದಿನ ಸುಮ್ನೆ ಕೂತು ಮಂಗಗಳನ್ನು ನೋಡಿದ್ದೇ ಬಂತು.

ಮರುದಿನ ಹೋಸಿನ ಅಡಿಗೆ ಕೈ ಹಾಕಿದೆ. ಕೈಗೆ ಕೆಂಪು ಜಿಡ್ಡು. ಕ್ಲಾಂಪಿನ ಬುಡದಲ್ಲಿ ಕಿರುಬೆರಳಿನಷ್ಟು ಉದ್ದದ ಸೀಳು. ಶಿರಸಿಯಲ್ಲಿ ಆ ಹೋಸ್ ಸಿಗಲಿಲ್ಲ, ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿಸಿ ತರಿಸಿದೆ. ಈಗ ಅದೇ ಲೋಡಿಗೆ ಮೂರನೇ ಗೇರಿನಲ್ಲಿ ಏರುತ್ತದೆ, ಹೊಗೆ ಇಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಪ್ಪಗೇ ಇದೆ. ಕೂಲಂಟ್ ಗೆರೆಯಿಂದ ಇಳಿದಿಲ್ಲ. ಹೆಡ್ ಬಿಚ್ಚಿಸಲಿಲ್ಲ.

'ಟಕ್' ಕ್ರಾಸಿನದೇ. ಗ್ರೀಸ್ ಹೊಡೆಸಿದ ಮೇಲೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಚಾಸಿ ಟಣ್ ಅನ್ನುತ್ತದೆ. ಅಪ್ಪಯ್ಯ 'ಕೊಯ್ಲು ಮುಗಿಯಲಿ, ಆಮೇಲೆ ಮಾರುವಾ' ಅನ್ನುವಲ್ಲಿಗೆ ಬಂದಿದ್ದಾರೆ.

ಜಾಲಿ ತೊಳೆಸಿದರೂ ಏರಿನಲ್ಲಿ ಮುಳ್ಳು ಇನ್ನೂ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗುತ್ತದೆ. ಅಂಕೋಲಾದವರಿಗೆ ಒಂದು ಪ್ರಶ್ನೆ. ಫ್ಯಾನ್ ಕೈಯಲ್ಲಿ ತಿರುಗಿಸಿದರೆ ಒಂದೂವರೆ ಸುತ್ತು ಹೋಗಿ ನಿಲ್ಲುತ್ತದೆ. ಇದು ಸಡಿಲ ಆಯ್ತಾ?

ಅಂಕೋಲಾದಿಂದ, ಮೆಕ್ಯಾನಿಕ್

ತಣ್ಣಗಿದ್ದಾಗ ನೋಡಿದ್ದೋ, ಬಿಸಿ ಇದ್ದಾಗಲೋ?

ಕೇಳಿದವರು

ಬೆಳಿಗ್ಗೆ, ತಣ್ಣಗಿದ್ದಾಗ.

ಅಂಕೋಲಾದಿಂದ, ಮೆಕ್ಯಾನಿಕ್

ಹಾಗಾದರೆ ಅದು ಲೆಕ್ಕಕ್ಕಿಲ್ಲ, ಆ ಕ್ಲಚ್ ಬಿಗಿಯಾಗುವುದು ಬಿಸಿಯಾದಾಗಲೇ. ಘಟ್ಟ ಏರಿಸಿ, ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿದ ಕೂಡಲೇ ತಿರುಗಿಸಿ ನೋಡಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ.