20 ದಿನದ ಕೂಸು, ಮನೆಯಲ್ಲಿ ನೆಗಡಿ: ಮಕ್ಕಳ ಡಾಕ್ಟರ್ ಉತ್ತರ

ಪ್ರಶ್ನೆ: ಡಾಕ್ಟ್ರೇ, ಪಾಪುಗೆ 20 ದಿನ. ದೊಡ್ಡ ಮಗಳು ಅಂಗನವಾಡಿಯಿಂದ ನೆಗಡಿ ಹತ್ತಿಸಿಕೊಂಡು ಬಂದಿದ್ದಾಳೆ. ತಾಯಿಯ ಶಕ್ತಿ ಇರುತ್ತೆ, 6 ತಿಂಗಳು ಏನೂ ಆಗಲ್ಲ ಅಂತಾರೆ ಅತ್ತೆ. ಕೂಸಿಗೆ ರೋಗ ತಡೆಯುವ ಶಕ್ತಿಯೇ ಇರಲ್ಲ ಅಂತಾಳೆ ಅಕ್ಕ. ಯಾರ ಮಾತು ಕೇಳಲಿ?

ಡಾಕ್ಟರ್: ಅತ್ತೆಯವರ ಮಾತು ಅರ್ಧ ನಿಜ ಅಮ್ಮ. ಐಜಿಜಿ ಎಂಬ ಆ್ಯಂಟಿಬಾಡಿ (ರೋಗಾಣುಗಳನ್ನು ಹಿಡಿದು ತಡೆಯುವ ಪ್ರೋಟೀನ್) ಮಾಸಿನ ಮೂಲಕ ಮಗುವಿಗೆ ದಾಟುತ್ತದೆ, ಅದೂ ಜಾಸ್ತಿ ಕೊನೆಯ 3 ತಿಂಗಳಲ್ಲಿ. ಅದಕ್ಕೇ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಅದು ಕಡಿಮೆ. ನಿಮ್ಮ ಮೈ ಎದುರಿಸಿದ ಅಥವಾ ನೀವು ಲಸಿಕೆ ಪಡೆದ ರೋಗಗಳಿಗಷ್ಟೇ ಅದು ಕೆಲಸಕ್ಕೆ ಬರುತ್ತದೆ. ತಿಂಗಳು ಕಳೆದಂತೆ ಕರಗುತ್ತಾ ಹೋಗುತ್ತದೆ.

ಅಕ್ಕ ಹೇಳಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೂಸಿನ ಮೈ ಸುಮ್ನೆ ಕೂತಿಲ್ಲ, ಬೇಕೆಂದೇ ಕೈ ತಡೆದುಕೊಂಡಿದೆ. ಹೊಟ್ಟೆಯಲ್ಲಿದ್ದಾಗ ತಾಯಿಯ ಜೀವಕೋಶಗಳ ಮೇಲೆ ಅದು ತಿರುಗಿ ಬೀಳಬಾರದಲ್ವಾ? ಹುಟ್ಟಿದ ಮೇಲೂ ಕರುಳಿಗೆ ಬಂದು ಸೇರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಬಿಟ್ಟುಕೊಳ್ಳಬೇಕು. ಹಾಗಾಗಿ ವೈರಸ್ ಬಂದಾಗ ಅಪಾಯದ ಸುದ್ದಿ ಮುಟ್ಟಿಸುವ ಇಂಟರ್‌ಫೆರಾನ್ ದೊಡ್ಡವರಷ್ಟು ಬರುವುದಿಲ್ಲ. ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಟಿ ಕೋಶಗಳ ಕಥೆ ಬೇರೆ. ಇಲಿಮರಿಗಳಲ್ಲಿ ನೋಡಿದರೆ ಅವು ಚುರುಕಾಗಿ ಎದ್ದು ಹೋರಾಡುತ್ತವೆ, ಆದರೆ ಬೇಗ ಸಾಯುತ್ತವೆ. ಆ ವೈರಸ್ಸಿನ ನೆನಪು ಉಳಿಯುವುದು ಕಡಿಮೆ.

ಗುಂಪಿನ ಇನ್ನೊಬ್ಬ ಸದಸ್ಯರು: ನೆನಪೇ ಉಳಿಯದಿದ್ದರೆ ಹುಟ್ಟಿದ ದಿನವೇ ಹೆಪಟೈಟಿಸ್ ಬಿ ಲಸಿಕೆ ಯಾಕೆ ಸಾರ್?

ಡಾಕ್ಟರ್: ಕಡಿಮೆ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ! ಈ ಲಸಿಕೆಗೆ ಕೂಸು ಚೆನ್ನಾಗಿಯೇ ಆ್ಯಂಟಿಬಾಡಿ ಮಾಡುತ್ತದೆ, ಮುಂದಿನ ಡೋಸ್‌ಗಳು ಅದನ್ನು ಗಟ್ಟಿ ಮಾಡುತ್ತವೆ. ಆದರೆ ವೈರಸ್ಸೇ ಮೊದಲು ಹೊಕ್ಕರೆ ಕಷ್ಟ. ದೊಡ್ಡವರಿಗೆ ಹೆಪಟೈಟಿಸ್ ಬಿ ತಗುಲಿದರೆ ನೂರಕ್ಕೆ 95 ಜನರ ಮೈ ಅದನ್ನು ಓಡಿಸುತ್ತದೆ. ಹೆರಿಗೆ ವೇಳೆ ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಅದು ಈಲಿಯಲ್ಲೇ (ಲಿವರ್) ತಳ ಊರುತ್ತದೆ. ಅದಕ್ಕೇ 24 ಗಂಟೆಯೊಳಗೆ ಹಾಕುವುದು. ದಡಾರದ್ದು ತಿರುಗುಮುರುಗು: ತಾಯಿಯ ಆ್ಯಂಟಿಬಾಡಿ ಲಸಿಕೆಯನ್ನೇ ಹೊಡೆದುಹಾಕುತ್ತದೆ, ಅದಕ್ಕೆ 9 ತಿಂಗಳವರೆಗೆ ಕಾಯುತ್ತೇವೆ.

ಪ್ರಶ್ನೆ ಕೇಳಿದವರು: ಸರಿ ಡಾಕ್ಟ್ರೇ, ಈಗ ಏನು ಮಾಡಲಿ?

ಡಾಕ್ಟರ್: ಎದೆಹಾಲು ಬಿಡಬೇಡಿ, ಅದರಲ್ಲಿರುವ ಐಜಿಎ ಎಂಬ ಇನ್ನೊಂದು ಆ್ಯಂಟಿಬಾಡಿ ಗಂಟಲು, ಕರುಳಿಗೆ ಕಾವಲು. ದೊಡ್ಡವಳು ಒಂದಷ್ಟು ದಿನ ಅಜ್ಜಿ ಜೊತೆ ಮಲಗಲಿ. ಕೈ ತೊಳೆಯದೆ ಯಾರೂ ಮುಟ್ಟಬಾರದು, ಮುತ್ತು ಬೇಡ. ತುಟಿ ಹುಣ್ಣಿನ ಹರ್ಪಿಸ್ ವೈರಸ್ ಇಷ್ಟು ಚಿಕ್ಕ ಮಕ್ಕಳಲ್ಲಿ ಮಿದುಳಿಗೂ ಹೋಗಬಹುದು. ಜ್ವರ 100.4 ಡಿಗ್ರಿ ಮುಟ್ಟಿದರೆ ಸಿರಪ್ ಕೊಟ್ಟು ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಕೆಲವು ಕೂಸುಗಳಿಗೆ ಜ್ವರವೇ ಬರುವುದಿಲ್ಲ, ಮೈ ತಣ್ಣಗಾಗುತ್ತದೆ. ಕೂಸು ಹಾಲು ಕುಡಿಯುವುದು ಬಿಟ್ಟರೆ, ಎದೆ ಒಳಕ್ಕೆ ಎಳೆದರೆ, ನಿಮಿಷಕ್ಕೆ 60 ಅಥವಾ ಜಾಸ್ತಿ ಉಸಿರಾದರೆ ಕೂಡಲೇ ತೋರಿಸಿ.

ಪ್ರಶ್ನೆ ಕೇಳಿದವರು: ಶಕ್ತಿ ಬರಲಿ ಅಂತ ಬಜೆ ತೇದು ಜೇನಲ್ಲಿ ನೆಕ್ಕಿಸೋಣ ಅಂತಿದ್ದಾರೆ ಅತ್ತೆ.

ಡಾಕ್ಟರ್: ಎರಡೂ ಬೇಡ. ಜೇನಂತೂ 1 ವರ್ಷ ತುಂಬುವವರೆಗೆ ಬೇಡವೇ ಬೇಡ.